ಕೊಡಗಿನ ದಾರಿಗಳ ಉದ್ದಕ್ಕೂ ಗ್ರಿಡ್ ದತ್ತಾಂಶದ ಬೆಲೆ ತೆಗೆಯುವ ಬಗೆ

ತಲಕಾವೇರಿಯಿಂದ ಭಾಗಮಂಡಲಕ್ಕೆ ಇಳಿದು, ಮಡಿಕೇರಿಗೆ ಏರಿ, ಅಲ್ಲಿಂದ ಕುಶಾಲನಗರಕ್ಕೆ ಮತ್ತೆ ಇಳಿಯುವ ರಸ್ತೆಯಲ್ಲಿ ಫೋನಿನ ಜಿಪಿಎಸ್ ಚಾಲೂ ಇಟ್ಟುಕೊಂಡು ಹೋದರೆ, ದಾರಿ ಮುಗಿಯುವ ಹೊತ್ತಿಗೆ ಸಾವಿರಾರು ಬಿಂದುಗಳ ಪಟ್ಟಿಯೊಂದು ಸಿದ್ಧವಾಗಿರುತ್ತದೆ. ಆ ಒಂದೊಂದು ಬಿಂದುವಿನಲ್ಲೂ ನೆಲದ ಎತ್ತರ ಎಷ್ಟು, ಒಂದು ದಿನದ ಮಳೆ ಎಷ್ಟು, ಪಕ್ಕದ ಗುಡ್ಡ ಎಷ್ಟು ಕಡಿದಾಗಿದೆ ಎಂಬುದನ್ನು ತಿಳಿಯಬೇಕಾದಾಗ ನಕ್ಷೆಯ ಮೇಲೆ ಕಣ್ಣಾಡಿಸಿ ಬರೆದುಕೊಳ್ಳುವುದು ಆಗದ ಕೆಲಸ. ಎತ್ತರ, ಮಳೆ, ಭೂಬಳಕೆ ಮುಂತಾದವೆಲ್ಲ ಇಂದು ಗ್ರಿಡ್ ರೂಪದಲ್ಲಿ, ಅಂದರೆ ಸಮಾನ ಅಂತರದ ಅಡ್ಡ ಮತ್ತು ಉದ್ದ ಸಾಲುಗಳಲ್ಲಿ ಜೋಡಿಸಿಟ್ಟ ಸಂಖ್ಯೆಗಳಾಗಿ ದೊರೆಯುತ್ತವೆ. ದಾರಿಯ ಬಿಂದುಗಳನ್ನು ಆ ಗ್ರಿಡ್ಡಿನ ಮೇಲಿಟ್ಟು ಪ್ರತಿ ಬಿಂದುವಿನ ಬೆಲೆಯನ್ನು, ಅಂದರೆ ಅಲ್ಲಿನ ಸಂಖ್ಯೆಯನ್ನು, ಓದಿಕೊಡುವ ಕೆಲಸವನ್ನು ಜಿಎಂಟಿ (ಜೆನೆರಿಕ್ ಮ್ಯಾಪಿಂಗ್ ಟೂಲ್ಸ್) ಎಂಬ ತಂತ್ರಾಂಶದ ಒಂದೇ ಆಜ್ಞೆ ಮಾಡುತ್ತದೆ. ಆಜ್ಞೆಯನ್ನು ಕಲಿಯಲು ಹತ್ತು ನಿಮಿಷ ಸಾಕು. ಅದು ಕೊಟ್ಟ ಸಂಖ್ಯೆ ಯಾವುದರ ಅಳತೆ ಎಂದು ಅರಿಯುವುದಕ್ಕೆ ಹೆಚ್ಚು ಗಮನ ಬೇಕು. ಈ ಬರಹದ ಹೆಚ್ಚಿನ ಭಾಗವನ್ನು ನಾನು ಅದಕ್ಕೇ ಮೀಸಲಿಟ್ಟಿದ್ದೇನೆ.

ಜಿಎಂಟಿಯನ್ನು ಪಾಲ್ ವೆಸೆಲ್ ಮತ್ತು ವಾಲ್ಟರ್ ಸ್ಮಿತ್ ಅವರು 1980ರ ದಶಕದ ಕೊನೆಯಲ್ಲಿ ಆರಂಭಿಸಿದರು. ಇದು ಮುಕ್ತ ತಂತ್ರಾಂಶ. ಇಲ್ಲಿ ಹೇಳುವುದೆಲ್ಲ ಇದರ ಆರನೆಯ ಆವೃತ್ತಿಗೆ ಅನ್ವಯಿಸುತ್ತದೆ. ಉಬುಂಟು ಇರುವವರು ಆಪ್ಟ್ ಮೂಲಕವೂ, ವಿಂಡೋಸ್ ಇರುವವರು ಅದರ ಇನ್‌ಸ್ಟಾಲರ್ ಮೂಲಕವೂ ಹಾಕಿಕೊಳ್ಳಬಹುದು. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿಗೆ ಆಜ್ಞೆ ಬರೆದುಕೊಡುವ ಟರ್ಮಿನಲ್ ಕಿಟಕಿಯಲ್ಲಿ ಅವನ್ನು ರೋಮನ್ ಅಕ್ಷರಗಳಲ್ಲಿ ಬೆರಳಚ್ಚಿಸಬೇಕು. ಇಲ್ಲಿ ಬಳಸುವ ಗ್ರಿಡ್ ಕುರಿತ ಆಜ್ಞೆಗಳೆಲ್ಲ ಜಿ, ಆರ್, ಡಿ ಎಂಬ ಮೂರು ಅಕ್ಷರಗಳಿಂದ ಆರಂಭವಾಗುತ್ತವೆ, ನಡುವೆ ಐ ಇರುವುದಿಲ್ಲ. ಹೈಫನ್ ನಂತರ ಬರುವ ಆಯ್ಕೆಯ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದರಿಂದ ಅರ್ಥವೇ ಬದಲಾಗುವ ಕಾರಣ, ಚಿಕ್ಕಕ್ಷರ ಬೇಕಾದ ಕಡೆ ಅದನ್ನು ಹೇಳಿರುತ್ತೇನೆ. ಹೇಳದಿದ್ದರೆ ದೊಡ್ಡಕ್ಷರ ಎಂದೇ ತಿಳಿಯಬೇಕು.

ಮೊದಲು ಗ್ರಿಡ್ಡನ್ನು ಸಿದ್ಧಪಡಿಸಿಕೊಳ್ಳೋಣ. ಜಿಎಂಟಿಯ ಸರ್ವರ್‌ನಲ್ಲಿ ಇಡೀ ಭೂಮಿಯ ಎತ್ತರದ ಗ್ರಿಡ್ ಇದೆ. ಅದರ ಅತಿ ಸೂಕ್ಷ್ಮ ರೂಪದಲ್ಲಿ ಬಿಂದುಗಳ ಅಂತರ ಒಂದು ಆರ್ಕ್ ಸೆಕೆಂಡ್, ಅಂದರೆ ಸುಮಾರು 30 ಮೀಟರ್. ಕೊಡಗಿಗೆ ಬೇಕಾದಷ್ಟನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳಲು ಹೀಗೆ ಬರೆಯಬೇಕು:

ಜಿಎಂಟಿ ಜಿಆರ್‌ಡಿಕಟ್ @ಅರ್ತ್_ರಿಲೀಫ್_01ಎಸ್ -ಆರ್75.3/76.3/11.8/12.9 -ಜಿಕೊಡಗು.ಎನ್‌ಸಿ

ಆರ್ ಆಯ್ಕೆಯಲ್ಲಿ ಪಶ್ಚಿಮ, ಪೂರ್ವ, ದಕ್ಷಿಣ, ಉತ್ತರ ಎಂಬ ಕ್ರಮದಲ್ಲಿ ಗಡಿಗಳಿವೆ. ಇದಕ್ಕೆ ಇಂಟರ್ನೆಟ್ ಬೇಕು. ಕಕ್ಕಡದ, ಅಂದರೆ ಜುಲೈ ಆಗಸ್ಟ್ ಹೊತ್ತಿನ, ಮಳೆಯಲ್ಲಿ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ದಿನಗಟ್ಟಲೆ ಹೋಗುವ ಊರುಗಳಲ್ಲಿರುವವರು ಬೇಸಿಗೆಯಲ್ಲೇ ಈ ಕೆಲಸ ಮುಗಿಸಿಕೊಂಡರೆ ಒಳ್ಳೆಯದು. ಒಮ್ಮೆ ಕಡತ ಬಂದಿತೆಂದರೆ ಉಳಿದದ್ದೆಲ್ಲ ನೆಟ್‌ವರ್ಕ್ ಇಲ್ಲದೆಯೇ ನಡೆಯುತ್ತದೆ. ಕಡತ ಬಂದ ಮೇಲೆ ಜಿಆರ್‌ಡಿಇನ್ಫೋ ಆಜ್ಞೆಯಿಂದ ಅದರ ಗಡಿ, ಬಿಂದುಗಳ ಅಂತರ, ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಬೆಲೆ ಇವನ್ನು ಓದಬೇಕು. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ 1748 ಮೀಟರ್ ಇದೆ. ಈ ಚೌಕಟ್ಟಿನ ಒಳಗೆ ನೆರೆಜಿಲ್ಲೆಗಳ ಮತ್ತು ಕೇರಳದ ಭಾಗಗಳೂ ಸೇರಿರುವುದರಿಂದ ಅತಿ ಹೆಚ್ಚಿನ ಬೆಲೆ ಅದಕ್ಕೆ ಸರಿಯಾಗಿ ಹೊಂದಬೇಕೆಂದಿಲ್ಲ. ಆದರೆ ಅಲ್ಲಿ 5000 ಎಂದೋ ಋಣ 32768 ಎಂದೋ ಕಂಡರೆ ಗ್ರಿಡ್ಡಿನಲ್ಲಿ ದೋಷವಿದೆ ಎಂದು ಅಲ್ಲಿಯೇ ತಿಳಿಯುತ್ತದೆ.

ಇನ್ನು ದಾರಿಯ ಕಡತ. ಫೋನಿನ ಆ್ಯಪ್‌ಗಳು ಸಾಮಾನ್ಯವಾಗಿ ಜಿಪಿಎಕ್ಸ್ ರೂಪದಲ್ಲಿ ದಾರಿಯನ್ನು ಉಳಿಸುತ್ತವೆ. ಅದನ್ನು ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶದಿಂದ ಯುನಿಸಿಎಸ್‌ವಿ ರೂಪಕ್ಕೆ ಬದಲಾಯಿಸಿದರೆ, ಮೊದಲ ಸಾಲಿನಲ್ಲಿ ಶೀರ್ಷಿಕೆಗಳು, ಆಮೇಲಿನ ಸಾಲುಗಳಲ್ಲಿ ಕ್ರಮಸಂಖ್ಯೆ, ಅಕ್ಷಾಂಶ, ರೇಖಾಂಶ ಎಂಬ ಕಾಲಂಗಳು ಸಿಗುತ್ತವೆ. ಜಿಎಂಟಿಗೆ ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ ಬೇಕು. ನಾವು ಮಾತಿನಲ್ಲಿ ಅಕ್ಷಾಂಶವನ್ನೇ ಮೊದಲು ಹೇಳುವ ಅಭ್ಯಾಸದವರಾದ್ದರಿಂದ ಈ ಒಂದು ತಪ್ಪು ಎಲ್ಲರಿಂದಲೂ ಆಗುತ್ತದೆ, ನನ್ನಿಂದಲೂ ಆಗಿದೆ. ಮಡಿಕೇರಿಯ 12.42 ಅಕ್ಷಾಂಶ ಮತ್ತು 75.74 ರೇಖಾಂಶವನ್ನು ಅದಲುಬದಲು ಮಾಡಿ ಕೊಟ್ಟರೆ, ಆ ಬಿಂದು ನಾರ್ವೆ ದೇಶದ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಕೆಳಗಿನ ಕಡಲಿನಲ್ಲಿ ಹೋಗಿ ಬೀಳುತ್ತದೆ. ಆಗ ಇಡೀ ಭೂಮಿಯ ಗ್ರಿಡ್ಡನ್ನು ಬಳಸಿದ್ದರೆ ಯಾವ ಎಚ್ಚರಿಕೆಯೂ ಇಲ್ಲದೆ ಕಡಲತಳದ ಆಳ ಋಣಸಂಖ್ಯೆಯಾಗಿ ಬರುತ್ತದೆ. ಕೊಡಗಿನ ಗ್ರಿಡ್ಡನ್ನಷ್ಟೇ ಬಳಸಿದ್ದರೆ ಫಲಿತಾಂಶದ ಕಡತವೇ ಖಾಲಿಯಾಗಿರುತ್ತದೆ. ಆದ್ದರಿಂದ ಆರಂಭದಲ್ಲೇ ಕಾಲಂಗಳನ್ನು ಸರಿಪಡಿಸಿಕೊಳ್ಳಬೇಕು:

ಜಿಎಂಟಿ ಕನ್ವರ್ಟ್ ಪಯಣ.ಸಿಎಸ್‌ವಿ -ಎಚ್1 -ಐ2,1 > ದಾರಿ.ಟಿಎಕ್ಸ್‌ಟಿ

ಇಲ್ಲಿನ ಎಚ್ ಮತ್ತು ಐ ಎರಡೂ ಚಿಕ್ಕಕ್ಷರಗಳು. ಎಚ್1 ಎಂದರೆ ಮೊದಲ ಒಂದು ಸಾಲನ್ನು ಶೀರ್ಷಿಕೆಯೆಂದು ಪರಿಗಣಿಸಬೇಕು ಎಂದು. ಐ ಎಂದರೆ ಯಾವ ಕಾಲಂಗಳನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳಬೇಕು ಎಂದು. ಜಿಎಂಟಿ ಕಾಲಂಗಳನ್ನು ಸೊನ್ನೆಯಿಂದ ಎಣಿಸುವುದರಿಂದ ಮೂರನೆಯ ಕಾಲಂ 2 ಎಂದೂ ಎರಡನೆಯದು 1 ಎಂದೂ ಆಗುತ್ತದೆ.

ಜಿಪಿಎಸ್ ಸೆಕೆಂಡಿಗೊಂದರಂತೆ ಬಿಂದುಗಳನ್ನು ದಾಖಲಿಸಿದ್ದರೆ ಇನ್ನೊಂದು ಕೆಲಸ ಉಳಿದಿದೆ. ನಡುದಾರಿಯಲ್ಲಿ ಕಾಫಿ ಕುಡಿಯಲು ಇಪ್ಪತ್ತು ನಿಮಿಷ ನಿಂತಿದ್ದರೆ, ಆ ಒಂದೇ ಜಾಗದಲ್ಲಿ ಸಾವಿರಕ್ಕೂ ಹೆಚ್ಚು ಬಿಂದುಗಳು ಗುಂಪಾಗಿರುತ್ತವೆ. ಈ ಪಟ್ಟಿಯಿಂದ ದಾರಿಯ ಸರಾಸರಿ ಎತ್ತರವನ್ನು ತೆಗೆದರೆ ಅದು ಕಾಫಿ ಕುಡಿದ ಜಾಗದ ಎತ್ತರದ ಕಡೆಗೆ ವಾಲಿಕೊಳ್ಳುತ್ತದೆ. ಸಾಲದೆಂಬಂತೆ, ಮರಗಳ ಕೆಳಗೆ ಜಿಪಿಎಸ್ ಬಿಂದು ಅತ್ತಿತ್ತ ಅಲುಗಾಡುವುದರಿಂದ ಒಟ್ಟು ದೂರವೂ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ. ನಿಂತ ಜಾಗಗಳ ಗುಂಪುಗಳನ್ನು ತೆಗೆದುಹಾಕಿ, ಉಳಿದ ದಾರಿಯನ್ನು ಸಮಾನ ಅಂತರದ ಬಿಂದುಗಳಾಗಿ ಮರುವಿಂಗಡಿಸಬೇಕು:

ಜಿಎಂಟಿ ಸ್ಯಾಂಪಲ್1ಡಿ ದಾರಿ.ಟಿಎಕ್ಸ್‌ಟಿ -ಟಿ30ಇ -ಎಆರ್ > ಸಮದಾರಿ.ಟಿಎಕ್ಸ್‌ಟಿ

30ರ ಮುಂದಿನ ಚಿಕ್ಕ ಇ ಅಕ್ಷರ ಮೀಟರನ್ನು ಸೂಚಿಸುತ್ತದೆ. ಗ್ರಿಡ್ಡಿನ ಅಂತರವೇ 30 ಮೀಟರ್ ಆಗಿರುವಾಗ ಇದಕ್ಕಿಂತ ಒತ್ತಾಗಿ ಬಿಂದುಗಳನ್ನಿಟ್ಟರೆ ಕಡತ ದೊಡ್ಡದಾಗುವುದೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ.

ಮುಖ್ಯ ಆಜ್ಞೆ ಇಷ್ಟೇ:

ಜಿಎಂಟಿ ಜಿಆರ್‌ಡಿಟ್ರ್ಯಾಕ್ ಸಮದಾರಿ.ಟಿಎಕ್ಸ್‌ಟಿ -ಜಿಕೊಡಗು.ಎನ್‌ಸಿ > ಎತ್ತರ.ಟಿಎಕ್ಸ್‌ಟಿ

ಫಲಿತಾಂಶದ ಕಡತದಲ್ಲಿ ರೇಖಾಂಶ, ಅಕ್ಷಾಂಶಗಳ ನಂತರ ಹೊಸದೊಂದು ಕಾಲಂ ಸೇರಿರುತ್ತದೆ. ಅದೇ ಗ್ರಿಡ್ಡಿನಿಂದ ಓದಿದ ಬೆಲೆ. ಜಿ ಆಯ್ಕೆಯನ್ನು ಬೇರೆ ಬೇರೆ ಗ್ರಿಡ್ಡುಗಳೊಂದಿಗೆ ಮತ್ತೆ ಮತ್ತೆ ಕೊಟ್ಟರೆ, ಕೊಟ್ಟ ಕ್ರಮದಲ್ಲೇ ಒಂದೊಂದು ಕಾಲಂ ಸೇರುತ್ತಾ ಹೋಗುತ್ತದೆ. ದಾರಿಯ ಆರಂಭದಿಂದ ಪ್ರತಿ ಬಿಂದುವಿಗೆ ಎಷ್ಟು ಕಿಲೋಮೀಟರ್ ಎಂಬುದೂ ಬೇಕಾದರೆ ಈ ಉತ್ತರವನ್ನು ಮ್ಯಾಪ್‌ಪ್ರಾಜೆಕ್ಟ್ ಆಜ್ಞೆಗೆ -ಜಿ+ಯುಕೆ ಎಂಬ ಆಯ್ಕೆಯೊಂದಿಗೆ ಕೊಡಬೇಕು. ಪ್ಲಸ್ ನಂತರದ ಎರಡೂ ಅಕ್ಷರಗಳು ಚಿಕ್ಕವು. ಕೆಲಸ ಮುಗಿದ ಕೂಡಲೇ ಎರಡೂ ಕಡತಗಳ ಸಾಲುಗಳನ್ನು ಎಣಿಸಿ ನೋಡುವುದನ್ನು ಮರೆಯಬಾರದು. ಗ್ರಿಡ್ಡಿನ ಗಡಿಯ ಆಚೆ ಬಿದ್ದ ಬಿಂದುಗಳನ್ನು ಜಿಆರ್‌ಡಿಟ್ರ್ಯಾಕ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ; ಹತ್ತು ಸಾಲು ಕಡಿಮೆಯಾದರೆ ಆಮೇಲೆ ಪಕ್ಕದಲ್ಲಿ ಅಂಟಿಸುವ ಸಮಯದ ಕಾಲಂ ಇಡಿಯಾಗಿ ಹತ್ತು ಸಾಲು ಜಾರಿಕೊಂಡಿರುತ್ತದೆ. ದೊಡ್ಡಕ್ಷರದ -ಎನ್ ಸೇರಿಸಿದರೆ ಅಂಥ ಬಿಂದುಗಳೂ ಉಳಿದು, ಬೆಲೆಯ ಜಾಗದಲ್ಲಿ ನ್ಯಾನ್ (ಬೆಲೆಯಿಲ್ಲ) ಎಂದು ಬರುತ್ತದೆ. ನಾನು ಇದನ್ನು ಯಾವಾಗಲೂ ಸೇರಿಸುತ್ತೇನೆ.

ದಾರಿಯ ಬಿಂದು ಗ್ರಿಡ್ಡಿನ ಬಿಂದುವಿನ ಮೇಲೆಯೇ ಕೂರುವುದು ಅಪರೂಪ. ಹಾಗಾಗಿ ಸುತ್ತಲಿನ ಬಿಂದುಗಳಿಂದ ನಡುವಿನ ಬೆಲೆಯನ್ನು ಲೆಕ್ಕ ಹಾಕಬೇಕಾಗುತ್ತದೆ, ಮತ್ತು ಯಾವ ಲೆಕ್ಕ ಎಂಬುದನ್ನು ಚಿಕ್ಕಕ್ಷರದ -ಎನ್ ಆಯ್ಕೆಯಿಂದ ಆರಿಸಬಹುದು. ಏನೂ ಹೇಳದಿದ್ದರೆ ಬೈಕ್ಯೂಬಿಕ್ ವಿಧಾನ ಬಳಕೆಯಾಗುತ್ತದೆ. ಇದು ಹದಿನಾರು ಬಿಂದುಗಳನ್ನು ನೋಡಿ ನುಣುಪಾದ ಮೇಲ್ಮೈಯನ್ನು ಹೊಂದಿಸುತ್ತದೆ, ಆದರೆ ಕಡಿದಾದ ಗುಡ್ಡದ ಅಂಚಿನಲ್ಲಿ ಸುತ್ತಲಿನ ಯಾವ ಬಿಂದುವಿಗಿಂತಲೂ ಹೆಚ್ಚು ಅಥವಾ ಕಡಿಮೆ ಬೆಲೆಯನ್ನು ಕೊಟ್ಟುಬಿಡಬಹುದು. -ಎನ್‌ಎಲ್ ಎಂದರೆ ಬೈಲೀನಿಯರ್, ಎರಡೂ ಚಿಕ್ಕಕ್ಷರಗಳು. ಇದು ನಾಲ್ಕು ಬಿಂದುಗಳನ್ನು ಮಾತ್ರ ನೋಡುತ್ತದೆ. ಉದಾಹರಣೆಗೆ, ಒಂದು ಚೌಕದ ನೈಋತ್ಯ ಮೂಲೆಯಲ್ಲಿ 1100, ಆಗ್ನೇಯದಲ್ಲಿ 1112, ವಾಯವ್ಯದಲ್ಲಿ 1096, ಈಶಾನ್ಯದಲ್ಲಿ 1104 ಮೀಟರ್ ಇದ್ದು, ನಮ್ಮ ಬಿಂದು ಪೂರ್ವ ಪಶ್ಚಿಮಗಳ ಸರಿನಡುವೆ, ದಕ್ಷಿಣದ ಅಂಚಿನಿಂದ ಕಾಲು ಭಾಗ ಮೇಲೆ ಇದೆ ಎಂದುಕೊಳ್ಳೋಣ. ದಕ್ಷಿಣದ ಅಂಚಿನ ನಡುವೆ 1106, ಉತ್ತರದ ಅಂಚಿನ ನಡುವೆ 1100. ಇವೆರಡರ ನಡುವೆ ಕಾಲು ಭಾಗ ಸಾಗಿದರೆ 1104.5 ಮೀಟರ್. ಈ ಲೆಕ್ಕದಲ್ಲಿ ಸಿಗುವ ಬೆಲೆ ಎಂದೂ ನಾಲ್ಕು ಮೂಲೆಗಳ ಬೆಲೆಗಳನ್ನು ಮೀರುವುದಿಲ್ಲ. ಕೊಡಗಿನಂಥ ಬೆಟ್ಟದ ಸೀಮೆಯಲ್ಲಿ ಎತ್ತರಕ್ಕೆ ನಾನು ಇದನ್ನೇ ಬಳಸುತ್ತೇನೆ.

ಭೂಬಳಕೆಯ ಗ್ರಿಡ್ಡಾದರೆ ಇವೆರಡೂ ಸಲ್ಲವು. ಕಾಡಿಗೆ 1, ಕಾಫಿ ತೋಟಕ್ಕೆ 2, ಗದ್ದೆಗೆ 3 ಎಂದು ಸಂಕೇತ ಕೊಟ್ಟಿರುವ ಗ್ರಿಡ್ಡಿನಲ್ಲಿ ದೇವರಕಾಡೊಂದು ನೇರವಾಗಿ ಗದ್ದೆಗೆ ಅಂಟಿಕೊಂಡಿದೆಯೆಂದರೆ, ಬೈಲೀನಿಯರ್ ಲೆಕ್ಕ ಅವೆರಡರ ನಡುವಿನ ಬಿಂದುವಿಗೆ 2 ಎಂದು ಕೊಡುತ್ತದೆ. ಇಲ್ಲದ ಕಾಫಿ ತೋಟವೊಂದು ಅಲ್ಲಿ ಹುಟ್ಟಿಕೊಳ್ಳುತ್ತದೆ. ಸಂಖ್ಯೆ ಅಳತೆಯಾಗಿರದೆ ಬರಿಯ ಹೆಸರಾಗಿರುವಲ್ಲೆಲ್ಲ ಅತಿ ಹತ್ತಿರದ ಬಿಂದುವಿನ ಬೆಲೆಯನ್ನೇ ತೆಗೆದುಕೊಳ್ಳುವ -ಎನ್‌ಎನ್ ಆಯ್ಕೆ ಕಡ್ಡಾಯ, ಎರಡೂ ಚಿಕ್ಕಕ್ಷರಗಳು.

ಈಗ ಎತ್ತರದ ಕಾಲಂನತ್ತ ನೋಡೋಣ, ಏಕೆಂದರೆ ಕೊಡಗಿನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಆಗುವುದು ಇಲ್ಲಿಯೇ. ನಾವು ಕತ್ತರಿಸಿಕೊಂಡ ಗ್ರಿಡ್ಡಿನ ಮೂಲ ಎಸ್‌ಆರ್‌ಟಿಎಂ ಎಂಬ ರಡಾರ್ ಮಾಪನ. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ಇದನ್ನು ಸಂಗ್ರಹಿಸಿತು. ಬಳಸಿದ ಅಲೆಯ ಉದ್ದ 5.6 ಸೆಂಟಿಮೀಟರ್ ಮಾತ್ರ. ಇಷ್ಟು ಚಿಕ್ಕ ಅಲೆ ದಟ್ಟ ಎಲೆಗಳನ್ನು ದಾಟಿ ನೆಲ ಮುಟ್ಟುವುದಿಲ್ಲ. ಅದು ಮರದ ತಲೆಯ ಒಳಗೆಲ್ಲೋ ಚದುರಿ ಹಿಂದಿರುಗುತ್ತದೆ. ಬಯಲುಸೀಮೆಯ ಹೊಲದಲ್ಲಿ ಇದರಿಂದ ಹೆಚ್ಚು ತೊಂದರೆಯಿಲ್ಲ. ಆದರೆ ಇಲ್ಲಿ ಕಾಫಿ ಗಿಡಗಳ ಮೇಲೆ ಸಿಲ್ವರ್ ಓಕ್, ಹಲಸು, ಬೀಟೆಯ ನೆರಳು ಹಬ್ಬಿರುತ್ತದೆ, ಪಶ್ಚಿಮದ ಅಂಚಿನಲ್ಲಿ ನಿತ್ಯಹರಿದ್ವರ್ಣ ಕಾಡೇ ಇದೆ. ಹಾಗಾಗಿ ತೋಟದ ನಡುವಿನ ರಸ್ತೆಯ ಬಿಂದುವಿಗೆ ಬರುವ ಎತ್ತರದಲ್ಲಿ ನೆರಳುಮರಗಳ ಎತ್ತರದ ಒಂದು ಪಾಲೂ ಸೇರಿರುತ್ತದೆ, ಗದ್ದೆಬಯಲಿಗೆ ಬಂದ ಕೂಡಲೇ ಆ ಪಾಲು ಇಲ್ಲವಾಗುತ್ತದೆ. ಸಪಾಟಾದ ರಸ್ತೆ ತೋಟದಿಂದ ಗದ್ದೆಯ ಬದಿಗೆ ಬರುವಲ್ಲಿ ಹತ್ತು ಹದಿನೈದು ಮೀಟರ್ ಇಳಿದಂತೆ ರೇಖೆ ತೋರಿಸಿದರೆ, ಅದು ರಸ್ತೆಯ ಇಳಿಜಾರೋ ಮರಗಳ ಅಂಚೋ ಎಂದು ಮೊದಲು ಕೇಳಿಕೊಳ್ಳಬೇಕು.

ಎತ್ತರವನ್ನು ಎಲ್ಲಿಂದ ಅಳೆದಿದೆ ಎಂಬುದೂ ಅಷ್ಟೇ ಮುಖ್ಯ. ಎಸ್‌ಆರ್‌ಟಿಎಂ ಎತ್ತರ ಸರಿಸುಮಾರು ಸಮುದ್ರಮಟ್ಟದಿಂದ, ಅಂದರೆ ಇಜಿಎಂ96 ಎಂಬ ಜಿಯಾಯ್ಡ್ ಮೇಲ್ಮೈಯಿಂದ ಲೆಕ್ಕವಾದದ್ದು. ಕೆಲವು ಜಿಪಿಎಸ್ ಸಾಧನಗಳು ಮತ್ತು ಆ್ಯಪ್‌ಗಳು ಡಬ್ಲ್ಯುಜಿಎಸ್84 ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಯ ಆಕಾರಕ್ಕೆ ಗಣಿತದಿಂದ ಹೊಂದಿಸಿದ ನುಣುಪಾದ ಮೇಲ್ಮೈಯಿಂದ, ಅಳೆದ ಎತ್ತರವನ್ನು ಹಾಗೆಯೇ ಬರೆದಿಡುತ್ತವೆ. ದಕ್ಷಿಣ ಭಾರತದಲ್ಲಿ ಈ ಎರಡು ಮೇಲ್ಮೈಗಳ ನಡುವಿನ ಅಂತರ ಪ್ರಪಂಚದಲ್ಲೇ ಅತಿ ದೊಡ್ಡದಾದ ಅಂತರಗಳಲ್ಲೊಂದು. ಕೊಡಗಿನ ಸುತ್ತಮುತ್ತ ಜಿಯಾಯ್ಡ್ ಎಲಿಪ್ಸಾಯ್ಡ್‌ಗಿಂತ ಸುಮಾರು 90 ಮೀಟರ್ ಕೆಳಗಿದೆ. ಫೋನಿನ ಎತ್ತರ ಇಡೀ ದಾರಿಯುದ್ದಕ್ಕೂ ಗ್ರಿಡ್ಡಿಗಿಂತ ಒಂದೇ ಸಮನೆ 90 ಮೀಟರಿನಷ್ಟು ಕಡಿಮೆ ಕಂಡರೆ ಅದು ಯಾವುದರ ತಪ್ಪೂ ಅಲ್ಲ, ಅಳತೆಯ ಬುಡ ಬೇರೆ ಎಂದಷ್ಟೇ ಅರ್ಥ.

ಮೂರನೆಯದು ಕಾಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಕುಸಿದು ತೋಟ, ಮನೆ, ರಸ್ತೆಗಳು ಕೊಚ್ಚಿಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿಯಿತು. 2000ದಲ್ಲಿ ಅಳೆದ ಗ್ರಿಡ್ಡಿಗೆ ಈ ಬದಲಾವಣೆಗಳು ತಿಳಿದಿಲ್ಲ. 2011ರಿಂದ 2015ರ ನಡುವಿನ ಮಾಪನಗಳಿಂದ ತಯಾರಾದ ಕೊಪರ್ನಿಕಸ್ ಎಂಬ ಎತ್ತರದ ಗ್ರಿಡ್ ಇದಕ್ಕಿಂತ ಹೊಸದಾದರೂ ಅದೂ ಆ ಮಳೆಗಾಲಗಳಿಗಿಂತ ಹಿಂದಿನದೇ. ಕುಸಿದ ಜಾಗದ ಮೂಲಕ ಹಾಯುವ ದಾರಿಗೆ ಇವುಗಳಿಂದ ತೆಗೆದ ರೇಖೆ ಕುಸಿತಕ್ಕಿಂತ ಮೊದಲಿನ ನೆಲದ ರೇಖೆ.

ಗ್ರಿಡ್ಡನ್ನು ನಂಬುವ ಮೊದಲು ಒಂದು ಸುಲಭ ಪರೀಕ್ಷೆಯಿದೆ. ಹಾರಂಗಿ ಜಲಾಶಯದ ನೀರಿನ ಮೇಲೆ ಅಡ್ಡಲಾಗಿ ಒಂದು ಗೆರೆ ಎಳೆದು ಅದರ ಮೇಲಿನ ಎತ್ತರಗಳನ್ನು ತೆಗೆದು ನೋಡಬೇಕು. ನೀರಿನ ಮೇಲೆ ಮರಗಳಿಲ್ಲ, ಇಳಿಜಾರೂ ಇಲ್ಲ. ಬೆಲೆಗಳು ಹೆಚ್ಚುಕಡಿಮೆ ಒಂದೇ ಆಗಿರಬೇಕು. ಜಲಾಶಯದ ಗರಿಷ್ಠ ಮಟ್ಟ 2859 ಅಡಿ, ಅಂದರೆ ಸುಮಾರು 871 ಮೀಟರ್; ಮಾಪನ ನಡೆದದ್ದು ಫೆಬ್ರುವರಿಯಲ್ಲಾದ್ದರಿಂದ ಅದಕ್ಕಿಂತ ಕೆಲವು ಮೀಟರ್ ಕಡಿಮೆ ಬಂದರೆ ಅಚ್ಚರಿಯಿಲ್ಲ. ಆದರೆ 780 ಎಂದು ಬಂದರೆ ಕಡತ ಎಲಿಪ್ಸಾಯ್ಡ್ ಎತ್ತರದ್ದು ಎಂದು ಗೊತ್ತಾಗುತ್ತದೆ, 2800 ಎಂದು ಬಂದರೆ ಯಾರೋ ಅಡಿಗಳಲ್ಲಿ ಬರೆದಿಟ್ಟಿದ್ದಾರೆ ಎಂದು ಗೊತ್ತಾಗುತ್ತದೆ.

ದಾರಿಯ ಕಡತವಿಲ್ಲದೆ ಎರಡು ಊರುಗಳ ನಡುವೆ ನೇರ ಗೆರೆಯೊಂದನ್ನು ಎಳೆದು ಬೆಲೆ ತೆಗೆಯುವುದೂ ಸಾಧ್ಯ. ತಲಕಾವೇರಿಯಿಂದ ಕುಶಾಲನಗರಕ್ಕೆ ಹೀಗೆ:

ಜಿಎಂಟಿ ಜಿಆರ್‌ಡಿಟ್ರ್ಯಾಕ್ -ಇ75.49/12.385/75.96/12.46+ಐ100ಇ+ಡಿ -ಜಿಕೊಡಗು.ಎನ್‌ಸಿ > ನೇರ.ಟಿಎಕ್ಸ್‌ಟಿ

ಪ್ಲಸ್ ಚಿಹ್ನೆಗಳ ನಂತರದ ಅಕ್ಷರಗಳೆಲ್ಲ ಚಿಕ್ಕವು. ಐ ಬಿಂದುಗಳ ಅಂತರವನ್ನೂ, ಡಿ ಆರಂಭದಿಂದ ಇರುವ ದೂರದ ಕಾಲಂ ಬೇಕೆಂಬುದನ್ನೂ ಹೇಳುತ್ತದೆ. ಈ ನೇರ ಗೆರೆ ಸುಮಾರು 52 ಕಿಲೋಮೀಟರ್ ಇರುವುದರಿಂದ 520ರಷ್ಟು ಬಿಂದುಗಳು ಬರುತ್ತವೆ.

ಇದೇ ಗೆರೆಯ ಮೇಲೆ ಮಳೆಯನ್ನು ಓದಲು ಹೊರಟಾಗ ಗ್ರಿಡ್ಡಿನ ಅಂತರ ಎಷ್ಟು ಮುಖ್ಯವೆಂಬುದು ಚೆನ್ನಾಗಿ ತಿಳಿಯುತ್ತದೆ. ಭಾರತ ಹವಾಮಾನ ಇಲಾಖೆಯು 1901ರಿಂದ ಈಚಿನ ದಿನವಹಿ ಮಳೆಯನ್ನು ಕಾಲು ಡಿಗ್ರಿ ಅಂತರದ ಗ್ರಿಡ್ಡಾಗಿ ಕೊಡುತ್ತದೆ. ಕಾಲು ಡಿಗ್ರಿ ಎಂದರೆ ನಮ್ಮಲ್ಲಿ ಸುಮಾರು 27 ಕಿಲೋಮೀಟರ್. ವರ್ಷದ ಕಡತದಲ್ಲಿ ಪ್ರತಿ ದಿನಕ್ಕೊಂದು ಪದರವಿರುವುದರಿಂದ, ಕಡತದ ಹೆಸರಿನ ನಂತರ ಪ್ರಶ್ನಾರ್ಥಕ ಚಿಹ್ನೆ, ಮಳೆಯ ಚರದ ಹೆಸರು, ಚೌಕ ಆವರಣದಲ್ಲಿ ಪದರದ ಸಂಖ್ಯೆ ಹೀಗೆ ಬರೆದು ಬೇಕಾದ ದಿನವನ್ನು ಆರಿಸಬೇಕು. ಪದರಗಳ ಎಣಿಕೆಯೂ ಸೊನ್ನೆಯಿಂದಲೇ; ಅಧಿಕ ವರ್ಷವಲ್ಲದಿದ್ದರೆ ಜುಲೈ 15 ವರ್ಷದ 196ನೆಯ ದಿನವಾದ್ದರಿಂದ ಅದರ ಪದರ 195. ಪ್ರಶ್ನಾರ್ಥಕ ಚಿಹ್ನೆ ಮತ್ತು ಆವರಣಗಳಿಗೆ ಟರ್ಮಿನಲ್‌ನಲ್ಲಿ ಬೇರೆ ಅರ್ಥವಿರುವುದರಿಂದ ಇಡೀ ಆಯ್ಕೆಯನ್ನು ಉದ್ಧರಣ ಚಿಹ್ನೆಗಳ ಒಳಗಿಡಬೇಕು.

ಈ ಗ್ರಿಡ್ಡಿನ ಬಿಂದುಗಳು ನಮ್ಮ ಗೆರೆಯ ಬಳಿ 75.5, 75.75 ಮತ್ತು 76.0 ರೇಖಾಂಶಗಳಲ್ಲಿ, 12.5 ಅಕ್ಷಾಂಶದಲ್ಲಿ ಬರುತ್ತವೆ. ಹತ್ತಿರದ ಬಿಂದುವಿನ ಬೆಲೆ ತೆಗೆದುಕೊಳ್ಳುವ -ಎನ್‌ಎನ್ ಆಯ್ಕೆಯೊಂದಿಗೆ ಓಡಿಸಿದರೆ 520 ಸಾಲುಗಳಲ್ಲಿ ಒಟ್ಟು ಮೂರೇ ಬೇರೆ ಬೇರೆ ಸಂಖ್ಯೆಗಳಿರುತ್ತವೆ, 75.625 ಮತ್ತು 75.875 ರೇಖಾಂಶಗಳಲ್ಲಿ ಮಾತ್ರ ಬೆಲೆ ಬದಲಾಗುತ್ತದೆ. ಅದೇ ಕೆಲಸವನ್ನು ಬೈಕ್ಯೂಬಿಕ್ ವಿಧಾನದಲ್ಲಿ ಮಾಡಿದರೆ ಭಾಗಮಂಡಲದಿಂದ ಕುಶಾಲನಗರದವರೆಗೆ ನೂರು ನೂರು ಮೀಟರಿಗೂ ಸೊಗಸಾಗಿ ಇಳಿಯುವ ರೇಖೆ ಬರುತ್ತದೆ. ನೋಡಲು ನಿಜವೆಂಬಂತಿರುತ್ತದೆ, ಏಕೆಂದರೆ ಪಶ್ಚಿಮದಲ್ಲಿ ಮಳೆ ಹೆಚ್ಚು, ಪೂರ್ವಕ್ಕೆ ಹೋದಂತೆ ಕಡಿಮೆ ಎಂಬುದು ಇಲ್ಲಿನವರೆಲ್ಲರಿಗೂ ಗೊತ್ತು. ಆದರೆ ಆ ರೇಖೆಯ ನಡುವಿನ ಬೆಲೆಗಳು ಅಲ್ಲಲ್ಲೇ ಅಳೆದವಲ್ಲ, ಲೆಕ್ಕ ಹಾಕಿ ತುಂಬಿದವು. ಇಂಥ ರೇಖೆಯನ್ನು ಬೇರೊಬ್ಬರಿಗೆ ಕೊಡುವಾಗ ಗ್ರಿಡ್ಡಿನ ಅಂತರವನ್ನು ಚಿತ್ರದ ಮೇಲೆಯೇ ಬರೆದು, ಗ್ರಿಡ್ಡಿನ ಮೂಲ ಬಿಂದುಗಳನ್ನು ಚುಕ್ಕೆಗಳಾಗಿ ಗುರುತಿಸುವುದು ಪ್ರಾಮಾಣಿಕ ಕ್ರಮವೆಂದು ನಾನು ಬಲವಾಗಿ ನಂಬುತ್ತೇನೆ.

ಇದಕ್ಕೆ ಪೂರಕವಾದ ಸಂಪತ್ತೊಂದು ನಮ್ಮ ಮನೆಗಳಲ್ಲೇ ಇದೆ. ಕೊಡಗಿನ ಎಷ್ಟೋ ತೋಟಗಳಲ್ಲಿ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ರೂಢಿಯಿದೆ. ಆ ದಾಖಲೆಗಳು ಇಂಚು ಮತ್ತು ಸೆಂಟ್‌ಗಳಲ್ಲಿರುತ್ತವೆ. ಒಂದು ಇಂಚು 25.4 ಮಿಲಿಮೀಟರ್, ಒಂದು ಸೆಂಟ್ 0.254 ಮಿಲಿಮೀಟರ್. ಇಲಾಖೆಯ ದಿನದ ಮಳೆಯೆಂದರೆ ಅಂದಿನ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳ ಮಳೆ. ತೋಟದ ಪುಸ್ತಕದಲ್ಲಿ ಬೆಳಿಗ್ಗೆ ಅಳೆದದ್ದನ್ನು ಹಿಂದಿನ ದಿನದ ತಾರೀಕಿಗೆ ಬರೆಯುವ ಅಭ್ಯಾಸವಿದ್ದರೆ ಹೋಲಿಸುವ ಮೊದಲು ಒಂದು ದಿನ ಸರಿಸಿಕೊಳ್ಳಬೇಕು. ತೋಟಗಳ ರೇಖಾಂಶ, ಅಕ್ಷಾಂಶಗಳನ್ನೇ ದಾರಿಯ ಕಡತವಾಗಿ ಕೊಟ್ಟರೆ ಜಿಆರ್‌ಡಿಟ್ರ್ಯಾಕ್ ಪ್ರತಿ ತೋಟಕ್ಕೂ ಗ್ರಿಡ್ಡಿನ ಮಳೆಯನ್ನು ಪಕ್ಕದಲ್ಲಿ ಬರೆದುಕೊಡುತ್ತದೆ, ಏಕೆಂದರೆ ಬಿಂದುಗಳು ಒಂದು ಗೆರೆಯಾಗಿ ಸಾಗಬೇಕೆಂಬ ನಿಯಮವೇನೂ ಅದಕ್ಕಿಲ್ಲ.

ಕೊನೆಯದಾಗಿ ಇಳಿಜಾರು. ಎತ್ತರದ ಕಾಲಂನಿಂದ ಸಾಲು ಸಾಲಿನ ವ್ಯತ್ಯಾಸ ತೆಗೆದು ರಸ್ತೆಯ ಏರು ಎಷ್ಟೆಂದು ಹೇಳಲು ಹೋಗಬಾರದು. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ರಸ್ತೆಯ ಎರಡು ತೋಳುಗಳು ಗ್ರಿಡ್ಡಿನ ಒಂದೆರಡು ಚೌಕಗಳೊಳಗೇ ಅಡಗಿರುತ್ತವೆ. ಗುಡ್ಡದ ಇಳಿಜಾರು ಬೇಕಾದರೆ ಮೊದಲು ಇಳಿಜಾರಿನದೇ ಗ್ರಿಡ್ ಮಾಡಿಕೊಳ್ಳಬೇಕು:

ಜಿಎಂಟಿ ಜಿಆರ್‌ಡಿಗ್ರೇಡಿಯೆಂಟ್ ಕೊಡಗು.ಎನ್‌ಸಿ -ಎಫ್‌ಜಿ -ಡಿ -ಎಸ್ಇಳಿಜಾರು.ಎನ್‌ಸಿ -ಜಿದಿಕ್ಕು.ಎನ್‌ಸಿ

ಎಫ್ ಮತ್ತು ಅದರ ಪಕ್ಕದ ಜಿ ಚಿಕ್ಕಕ್ಷರಗಳು. ಗ್ರಿಡ್ಡಿನ ಅಂತರ ಡಿಗ್ರಿಗಳಲ್ಲಿದೆ, ಅದನ್ನು ಮೀಟರಿಗೆ ತರಬೇಕು ಎಂದು ಇವು ಹೇಳುತ್ತವೆ. ಇದನ್ನು ಬಿಟ್ಟರೆ ಇಳಿಜಾರಿನ ಸಂಖ್ಯೆಗಳು ಅರ್ಥವಿಲ್ಲದಷ್ಟು ದೊಡ್ಡದಾಗುತ್ತವೆ. ಹೊಸ ಗ್ರಿಡ್ಡಿನಲ್ಲಿ 1 ಎಂದರೆ 45 ಡಿಗ್ರಿ, 0.5 ಎಂದರೆ ಸುಮಾರು 27 ಡಿಗ್ರಿ.

ರಸ್ತೆಯ ಮೇಲುಬದಿಯ ಬರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ) ಮತ್ತು ಕೆಳಬದಿಯ ಕಣಿವೆ ಎರಡನ್ನೂ ನೋಡಬೇಕಾದವರಿಗೆ ದಾರಿಗೆ ಅಡ್ಡಲಾಗಿ ಗೆರೆಗಳನ್ನು ಎಳೆಯುವ ಸಿ ಆಯ್ಕೆ ಬಹಳ ಉಪಯುಕ್ತ:

ಜಿಎಂಟಿ ಜಿಆರ್‌ಡಿಟ್ರ್ಯಾಕ್ ಸಮದಾರಿ.ಟಿಎಕ್ಸ್‌ಟಿ -ಜಿಕೊಡಗು.ಎನ್‌ಸಿ -ಸಿ1000ಇ/50/500 > ಅಡ್ಡಗೆರೆ.ಟಿಎಕ್ಸ್‌ಟಿ

ದಾರಿಯುದ್ದಕ್ಕೂ 500 ಮೀಟರಿಗೊಂದರಂತೆ, ತಲಾ 1000 ಮೀಟರ್ ಉದ್ದದ, 50 ಮೀಟರಿಗೊಂದು ಬಿಂದುವಿರುವ ಅಡ್ಡಗೆರೆಗಳು ಇದರಿಂದ ಸಿಗುತ್ತವೆ. 1000ರ ಮುಂದಿನ ಇ ಚಿಕ್ಕಕ್ಷರ. ಪ್ರತಿ ಸಾಲಿನಲ್ಲಿ ರೇಖಾಂಶ, ಅಕ್ಷಾಂಶ, ನಡುಬಿಂದುವಿನಿಂದ ದೂರ, ಗೆರೆಯ ದಿಕ್ಕು, ಕೊನೆಗೆ ಎತ್ತರ ಇರುತ್ತದೆ. ದೂರ ಸೊನ್ನೆ ಇರುವ ಸಾಲೇ ರಸ್ತೆ. ರಸ್ತೆಗಾಗಿ ಲಂಬವಾಗಿ ಕಡಿದ ಎಂಟು ಹತ್ತು ಮೀಟರಿನ ಬರೆ 30 ಮೀಟರಿನ ಗ್ರಿಡ್ಡಿನಲ್ಲಿ ಕಾಣಿಸುವುದಿಲ್ಲ. ಕಾಣಿಸುವುದು ಆ ಬರೆಯನ್ನು ಹೊತ್ತಿರುವ ಗುಡ್ಡದ ಒಟ್ಟು ಆಕಾರ. ಆದ್ದರಿಂದ ಅಡ್ಡಗೆರೆಗಳಲ್ಲಿ ಕಡಿದಾಗಿ ತೋರಿದ ಜಾಗಗಳ ಪಟ್ಟಿ ಮಾಡಿಕೊಂಡು, ಮಳೆ ಹಿಡಿಯುವ ಮೊದಲು ಅಲ್ಲಿಗೆ ಹೋಗಿ, ಬರೆಯ ಎತ್ತರವನ್ನು ಟೇಪಿನಿಂದ ಅಳೆದು, ಮೇಲಿನ ತೋಟದ ನೀರು ಯಾವ ಕಡೆಗೆ ಹರಿದು ಬರುತ್ತದೆ ಎಂದು ನೋಡಿ, ಅದನ್ನು ಅದೇ ಕಡತದ ಪಕ್ಕದ ಕಾಲಂನಲ್ಲಿ ಬರೆದಿಡಬೇಕು.